ಗರ್ಭಿಣಿಯರ ರಕ್ತದ ಒತ್ತಡವೂ ಸೊಪ್ಪು ತರಕಾರಿಗಳಲ್ಲಿರುವ ನೈಟ್ರೇಟೂ

ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳ ತೋಟದ ಬೆಳೆಗಳಲ್ಲಿ ಬೀಟ್‌ರೂಟ್, ಎಲೆಕೋಸು, ಟೊಮೇಟೊ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ ಮುಂತಾದುವು ಬಹಳ ಪ್ರಾಧಾನ್ಯಕ್ಕೆ ಬಂದಿರುವುವು. ತೆರಕಣಾಂಬಿಯ ಮಾರುಕಟ್ಟೆಯಲ್ಲಿ ತೂಗಿದ ಸರಕು ಲಾರಿಗಳಲ್ಲಿ ಕೇರಳಕ್ಕೂ ತಮಿಳುನಾಡಿಗೂ ಹೋಗುವುದು. ಬಂಡೀಪುರದ ಕಾಡಿನ ದಾರಿಯಲ್ಲಿ ೨೦೦೯ರಿಂದ ರಾತ್ರಿ ಸಂಚಾರಕ್ಕೆ ತಡೆಯಿರುವ ಕಾರಣ, ಹೊತ್ತು ಮೀರುವುದರೊಳಗೆ ಮೂಟೆಗಳನ್ನು ಸಾಗಿಸಬೇಕೆಂಬ ಆತುರವು ಕೊಯ್ಲಿನ ದಿವಸಗಳಲ್ಲಿ ಎಲ್ಲ ಹೊಲಗಳಲ್ಲಿಯೂ ಕಂಡುಬರುವುದು. ಗೆಡ್ಡೆ ಕೀಳುವುದು, ಮಣ್ಣು ತೊಳೆಯುವುದು, ಮೂಟೆ ತುಂಬುವುದು, ಈ ಕೆಲಸಗಳನ್ನು ಮಾಡತಕ್ಕವರು ಬಹುಪಾಲು ಹೆಂಗಸರು. ಅವರಲ್ಲಿ ಬಸುರಿಯರೂ ಇರುವುದುಂಟು. ಅವರು ಕಿತ್ತ ಗೆಡ್ಡೆಯು ಅವರ ಮನೆಯ ಒಲೆಯನ್ನು ಸೇರುವುದು ಮಾತ್ರ ಅಪರೂಪ.

ಈ ಸಂಗತಿಯನ್ನು ವ್ಯವಸಾಯದ ಪತ್ರಿಕೆಯಲ್ಲಿ ಎತ್ತುವುದಕ್ಕೆ ಕಾರಣವುಂಟು. ಬೀಟ್‌ರೂಟಿನಲ್ಲಿಯೂ ಸೊಪ್ಪುಗಳಲ್ಲಿಯೂ ಹೇರಳವಾಗಿರುವ ನೈಟ್ರೇಟ್ ಎಂಬ ಲವಣವು ರಕ್ತನಾಳಗಳನ್ನು ಸಡಿಲಿಸಿ ರಕ್ತದ ಒತ್ತಡವನ್ನು ತಗ್ಗಿಸಬಲ್ಲುದೆಂದು ಈಚಿನ ಶೋಧನೆಗಳಿಂದ ತಿಳಿದುಬಂದಿದೆ. ಇದೇ ಲವಣವು ಗೊಬ್ಬರದ ಗುಂಡಿಯಿಂದಲೂ ಅತಿಯಾಗಿ ಎರಚಿದ ಯೂರಿಯಾದಿಂದಲೂ ಬಾವಿಯ ನೀರಿಗೆ ಇಳಿದು ಕೇಡನ್ನೂ ಮಾಡಬಲ್ಲುದು. ಹೊಲ, ಬಾವಿ, ಅಡುಗೆಮನೆ ಮೂರನ್ನೂ ಹಾದುಹೋಗುವ ಈ ಪದಾರ್ಥದ ವಿಚಾರವನ್ನು ಊರಿನ ಯಜಮಾನರೂ ಜಮೀನುದಾರರೂ ತಿಳಿದಿರುವುದು ಅಗತ್ಯ.

ಮೊದಲು ರೋಗದ ವಿಷಯ. ಗರ್ಭವು ಇಪ್ಪತ್ತು ವಾರಗಳನ್ನು ಕಳೆದ ಮೇಲೆ ಕೆಲವು ಹೆಂಗಸರಿಗೆ ರಕ್ತದ ಒತ್ತಡವು ಏರಲಾರಂಭಿಸುತ್ತದೆ. ಒತ್ತಡವನ್ನು ಎರಡು ಅಂಕಿಗಳಿಂದ ಹೇಳುವುದು ವಾಡಿಕೆ. ಮೇಲಿನದು ೧೪೦, ಅಥವಾ ಕೆಳಗಿನದು ೯೦ ಮುಟ್ಟಿದರೆ, ಮತ್ತು ಕೆಲವು ಗಂಟೆಗಳ ತರುವಾಯ ಪುನಃ ನೋಡಿದಾಗಲೂ ಇಳಿಯದಿದ್ದರೆ, ಅದನ್ನು ಹೆಚ್ಚಿನ ಒತ್ತಡವೆಂದು ವೈದ್ಯರು ಎಣಿಸುತ್ತಾರೆ. ಇದರೊಡನೆ ಮೂತ್ರದಲ್ಲಿ ಸಸಾರಜನಕವು ಹೋಗತೊಡಗಿದರೆ, ಅಥವಾ ಮೂತ್ರಪಿಂಡ, ಯಕೃತ್ತು ಮುಂತಾದ ಅಂಗಗಳು ಕೆಡಲಾರಂಭಿಸಿದರೆ, ಅದಕ್ಕೆ ಪ್ರಿಎಕ್ಲಾಂಪ್ಸಿಯ ಎಂದು ಹೆಸರು. ಮಾಸುವಿಗೆ ರಕ್ತವನ್ನೊಯ್ಯುವ ತಾಯಿಯ ನಾಳಗಳು ಆದಿಯಲ್ಲಿ ಸರಿಯಾಗಿ ಅಗಲವಾಗದೆ ಹೋದುದೇ ಬಹುಮಟ್ಟಿಗೆ ಇದರ ಮೂಲ. ರಕ್ತ ಸಾಲದ ಮಾಸು ಕೆಲವು ವಸ್ತುಗಳನ್ನು ತಾಯಿಯ ರಕ್ತಕ್ಕೆ ಬಿಡುವುದು. ಅವು ಮೈಯೆಲ್ಲದರ ರಕ್ತನಾಳಗಳ ಒಳಗೋಡೆಯನ್ನು ಕೆಡಿಸುವುವು. ನಾಳಗಳು ಬಿಗಿಯುವುವು. ಚೊಚ್ಚಲ ಬಸುರಿಯರಲ್ಲಿಯೂ, ಅವಳಿ ಗರ್ಭದಲ್ಲಿಯೂ, ಹಿಂದಿನ ಬಸುರಿನಲ್ಲಿ ಈ ತೊಂದರೆ ಆಗಿದ್ದವರಲ್ಲಿಯೂ ಇದು ಹೆಚ್ಚು. ರೋಗವು ಮುಂದುವರಿದರೆ ಸೆಳವು ಬಂದು ತಾಯಿಯ ಪ್ರಾಣಕ್ಕೂ ಮಗುವಿನ ಪ್ರಾಣಕ್ಕೂ ಅಪಾಯವಾಗುವುದು. ಲೋಕದಲ್ಲಿ ಬಸುರು ಬಾಣಂತನಗಳಲ್ಲಿ ಮರಣ ಹೊಂದುವ ತಾಯಂದಿರಲ್ಲಿ ಸುಮಾರು ಏಳರಲ್ಲಿ ಒಬ್ಬರು ಒತ್ತಡಕ್ಕೆ ಸಂಬಂಧಿಸಿದ ಇಂಥ ತೊಂದರೆಗಳಿಂದಲೇ ಸಾಯುವರು.

ಒತ್ತಡ ಏರಿದ ಹೆಂಗಸಿಗೆ ಅನೇಕ ವೇಳೆ ಏನೂ ಅನ್ನಿಸುವುದಿಲ್ಲ. ಕಾಲು ಊದಿಕೊಂಡರೆ ‘ಬಸುರಿನ ನೀರು’ ಎಂದೂ, ತಲೆ ನೋಯುತ್ತಿದ್ದರೆ ಬಿಸಿಲಿನ ಬಾಧೆಯೆಂದೂ ಹಿರಿಯರು ಹೇಳಿಬಿಡುವರು. ಸೆಳವು ಬಂದಾಗ ಗಾಳಿ ಸೋಕಿತೆಂದು ಮಂತ್ರಿಸಲು ಕರೆದುಕೊಂಡುಹೋಗುವ ಮನೆಗಳು ಪೂರಾ ಇಲ್ಲವಾಗಿಲ್ಲ. ಹಾಗೆ ಕಳೆಯುವ ಹೊತ್ತು ಅತ್ಯಂತ ಬೆಲೆಯುಳ್ಳ ಹೊತ್ತು.

ಇನ್ನು ನೈಟ್ರೇಟಿನ ವಿಚಾರ. ಹೆಸರು ಹೊಸದಾದರೂ ಪದಾರ್ಥವು ಒಕ್ಕಲಿಗರಿಗೆ ಹಳೆಯದೇ. ದನದ ಕೊಟ್ಟಿಗೆಯ ಗೋಡೆಯ ಬುಡದಲ್ಲಿಯೂ ಹಾಳುಬಿದ್ದ ಹಳೆಯ ಊರಿನ ದಿಬ್ಬದ ಮೇಲೂ ಬಿಳಿಯ ಪುಡಿಯಾಗಿ ಏಳತಕ್ಕ ಪೆಟ್ಲುಪ್ಪು ಒಂದು ಬಗೆಯ ನೈಟ್ರೇಟೇ. ಹಿಂದೆ ಅಂಥ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಕಾಯಿಸಿ ಪೆಟ್ಲುಪ್ಪನ್ನು ತೆಗೆದು ಮದ್ದಿನ ಪುಡಿಗೆ ಉಪಯೋಗಿಸುತ್ತಿದ್ದರು. ಟಿಪ್ಪುವಿನ ಬಾಣಗಳಿಗೂ ಅದೇ ಆಧಾರವಾಗಿತ್ತು. ಸಗಣಿ, ಗಂಜಲ, ಕಸಕಡ್ಡಿಗಳಲ್ಲಿರುವ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕ್ರಮವಾಗಿ ನೈಟ್ರೇಟ್ ಮಾಡುವುವು. ಯೂರಿಯಾ ಹಾಕಿದರೂ ಕೊನೆಗೆ ಆಗುವುದು ಅದೇ. ಸಸ್ಯದ ಬೇರು ಅದನ್ನು ಹೀರಿ ಎಲೆಗೆ ಏರಿಸುವುದು. ಎಲೆಯು ಬಿಸಿಲಿನ ಬಲದಿಂದ ಅದನ್ನು ಸಸಾರಜನಕವಾಗಿ ಮಾರ್ಪಡಿಸುವುದು. ಬೇರು ತಂದಷ್ಟನ್ನು ಎಲೆ ಮಾರ್ಪಡಿಸಲಾರದೆ ಹೋದಾಗ ಉಳಿದದ್ದು ದಂಟಿನಲ್ಲಿಯೂ ಎಲೆಯ ತೊಟ್ಟಿನಲ್ಲಿಯೂ ಗೆಡ್ಡೆಯಲ್ಲಿಯೂ ಶೇಖರವಾಗುವುದು. ಕಾಳಿಗೆ ಬಹು ಸ್ವಲ್ಪವೇ ಹೋಗುವುದು.

ಎಲ್ಲ ತರಕಾರಿಗಳಲ್ಲಿಯೂ ಇದರ ಪ್ರಮಾಣ ಒಂದೇ ಸಮನಾಗಿಲ್ಲ. ಬೀಟ್‌ರೂಟ್ ಮತ್ತು ಪಾಲಕ್ ಸೊಪ್ಪಿನಲ್ಲಿ ನೂರು ಗ್ರಾಮಿಗೆ ೨೫೦ ಮಿಲಿಗ್ರಾಂಗೂ ಮೇಲ್ಪಟ್ಟು ಇರಬಹುದು. ದಂಟು, ಕೀರೆ ಮುಂತಾದ ಸೊಪ್ಪುಗಳೂ ನೈಟ್ರೇಟನ್ನು ಚೆನ್ನಾಗಿ ಕೂಡಿಡತಕ್ಕ ಜಾತಿಯವು. ಎಲೆಕೋಸಿನಲ್ಲಿ ಮಧ್ಯಮ. ಕ್ಯಾರೆಟ್, ಕುಂಬಳಗಳಲ್ಲಿ ಕಡಮೆ. ಟೊಮೇಟೊ, ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಬದನೆ, ಕಲ್ಲಂಗಡಿಗಳಲ್ಲಿ ಲೆಕ್ಕಕ್ಕೆ ಬಾರದಷ್ಟು ಕಡಮೆ. ಒಂದೇ ತಾಲ್ಲೂಕಿನ ಒಂದೇ ಕೆರೆಯ ಕೆಳಗೆ ಇವೆಲ್ಲವೂ ಬೆಳೆಯುವುವೆಂಬುದನ್ನು ನೆನೆದರೆ, ಇದು ಮಣ್ಣಿಗಿಂತ ಹೆಚ್ಚಾಗಿ ಸಸ್ಯದ ಜಾತಿಗುಣವೆಂದು ವಿದಿತವಾಗುವುದು.

ಹೊಟ್ಟೆಗೆ ಹೋದ ನೈಟ್ರೇಟು ರಕ್ತಕ್ಕೆ ಸೇರಿ, ಅದರಲ್ಲಿ ಸುಮಾರು ಕಾಲು ಭಾಗವು ಪುನಃ ಬಾಯಿಯ ಜೊಲ್ಲಿಗೆ ಬರುವುದು. ನಾಲಗೆಯ ಹಿಂಭಾಗದಲ್ಲಿ ವಾಸಮಾಡುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಎಂಬ ಇನ್ನೊಂದು ಲವಣವನ್ನಾಗಿ ಮಾಡುವುವು. ಅದನ್ನು ನುಂಗಿದ ತರುವಾಯ ಹೊಟ್ಟೆಯಲ್ಲಿಯೂ ರಕ್ತದಲ್ಲಿಯೂ ನೈಟ್ರಿಕ್ ಆಕ್ಸೈಡ್ ಎಂಬ ವಾಯು ಹುಟ್ಟುವುದು. ಬಿಗಿದ ರಕ್ತನಾಳವನ್ನು ಸಡಿಲಿಸತಕ್ಕದ್ದು ಈ ವಾಯುವೇ. ಮೈಯೊಳಗೆ ಇದು ಇಂಥ ಕೆಲಸ ಮಾಡುವುದೆಂದು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ ೧೯೯೮ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ೨೦೦೮ರಲ್ಲಿ ಲಂಡನ್ನಿನ ವೈದ್ಯರು ಆರೋಗ್ಯವಂತರಾದ ಕೆಲವರಿಗೆ ಅರ್ಧ ಲೀಟರು ಬೀಟ್‌ರೂಟ್ ರಸವನ್ನು ಕುಡಿಸಿ ನೋಡಲಾಗಿ, ಸುಮಾರು ಮೂರು ಗಂಟೆಗಳಲ್ಲಿ ಒತ್ತಡದ ಮೇಲಿನ ಅಂಕಿಯು ಹತ್ತರಷ್ಟು ಇಳಿಯಿತು. ನಾಲಗೆಯ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಔಷಧಿಯ ನೀರಿನಿಂದ ಬಾಯಿ ಮುಕ್ಕಳಿಸುತ್ತಿದ್ದವರಲ್ಲಿ ಒತ್ತಡವು ಸ್ವಲ್ಪ ಏರಿದುದೂ ಬೇರೆ ಪರೀಕ್ಷೆಯಲ್ಲಿ ಕಂಡುಬಂದಿತು. ಸೂಕ್ಷ್ಮಜೀವಿಗಳೆಲ್ಲ ಶತ್ರುಗಳಲ್ಲವೆಂಬುದನ್ನು ದ್ವಿದಳ ಬೆಳೆಯ ಬೇರಿನ ಗಂಟನ್ನು ಬಲ್ಲ ಒಕ್ಕಲಿಗನಿಗೆ ಹೇಳಬೇಕಾದುದಿಲ್ಲ.

ಹಾಗಾದರೆ ಬಸುರಿಗೆ ದಿನವೂ ಬೀಟ್‌ರೂಟ್ ರಸ ಕುಡಿಸಿದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹೆಚ್ಚಿನ ಒತ್ತಡವಿದ್ದ ನಾಲ್ವತ್ತು ಮಂದಿ ಗರ್ಭಿಣಿಯರ ಮೇಲೆ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದುಂಟು. ಕೆಲವರಿಗೆ ನೈಟ್ರೇಟ್ ಉಳ್ಳ ರಸವನ್ನೂ, ಕೆಲವರಿಗೆ ನೈಟ್ರೇಟನ್ನು ತೆಗೆದ ರಸವನ್ನೂ, ಯಾರಿಗೆ ಯಾವುದೆಂದು ತಿಳಿಸದೆ ಎಂಟು ದಿವಸ ಕೊಡಲಾಯಿತು. ಒಟ್ಟಿನ ಮೇಲೆ ಎರಡು ಗುಂಪುಗಳಿಗೂ ನಂಬತಕ್ಕಂಥ ವ್ಯತ್ಯಾಸವು ತೋರಲಿಲ್ಲ. ರಕ್ತದಲ್ಲಿ ನೈಟ್ರೈಟ್ ಹೆಚ್ಚಾಗಿ ಏರಿದವರಲ್ಲಿ ಮಾತ್ರ ಒತ್ತಡವು ಇಳಿದಂತೆ ಕಂಡಿತು. ಆದಕಾರಣ ಇದು ಭರವಸೆ ಹುಟ್ಟಿಸುವ ಆರಂಭವೇ ಹೊರತು ಚಿಕಿತ್ಸೆಯಲ್ಲ. ಬೀಟ್‌ರೂಟ್ ತಿಂದರೆ ಬಿ.ಪಿ. ಮಾತ್ರೆ ಬೇಡವೆಂದು ಯಾರಾದರೂ ಹೇಳಿದರೆ ಅದನ್ನು ನಂಬಕೂಡದು. ವೈದ್ಯರು ಬರೆದುಕೊಟ್ಟ ಔಷಧಿಯನ್ನು ಗೆಡ್ಡೆಯ ಭರವಸೆಯಿಂದ ನಿಲ್ಲಿಸುವುದು ಪ್ರಾಣಕ್ಕೆ ಎರವಾದೀತು.

ಇದಕ್ಕಿಂತ ಗಟ್ಟಿಯಾದ ಆಧಾರವುಳ್ಳದ್ದು ಕ್ಯಾಲ್ಸಿಯಂ ಎಂಬ ಸತ್ತ್ವ. ಊಟದಲ್ಲಿ ಅದು ಕಡಮೆಯಿರುವ ಸೀಮೆಗಳಲ್ಲಿ ಬಸುರಿಯರಿಗೆ ಅದನ್ನು ಕೊಟ್ಟರೆ ಪ್ರಿಎಕ್ಲಾಂಪ್ಸಿಯ ತಗ್ಗುವುದೆಂಬುದು ಅನೇಕ ಪರೀಕ್ಷೆಗಳಿಂದ ಸ್ಥಿರಪಟ್ಟಿದೆ. ಎಷ್ಟು ಬೇಕೆಂಬುದನ್ನು ತಿಳಿಯಲು ಬೆಂಗಳೂರಿನಲ್ಲಿಯೇ ಹನ್ನೊಂದು ಸಾವಿರ ಚೊಚ್ಚಲ ಬಸುರಿಯರ ಮೇಲೆ ದೊಡ್ಡ ಪರೀಕ್ಷೆಯೊಂದು ನಡೆದು ೨೦೨೪ರಲ್ಲಿ ಪ್ರಕಟವಾಯಿತು. ದಿನಕ್ಕೆ ೫೦೦ ಮಿಲಿಗ್ರಾಂ ಕೊಟ್ಟವರಲ್ಲಿ ನೂರಕ್ಕೆ ೩.೦ ಮಂದಿಗೂ, ೧,೫೦೦ ಮಿಲಿಗ್ರಾಂ ಕೊಟ್ಟವರಲ್ಲಿ ನೂರಕ್ಕೆ ೩.೬ ಮಂದಿಗೂ ರೋಗ ತೋರಿತು. ಎಂದರೆ ಕಡಮೆಯ ಪ್ರಮಾಣವು ಹೆಚ್ಚಿನದಕ್ಕಿಂತ ಕೀಳಾಗಲಿಲ್ಲ. ನಮ್ಮ ರಾಗಿಯ ನೂರು ಗ್ರಾಮಿನಲ್ಲಿ ಸುಮಾರು ೩೬೪ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ಮುದ್ದೆಯನ್ನು ಬಿಟ್ಟು ಅನ್ನಕ್ಕೆ ತಿರುಗಿದ ಮನೆಗಳು ದೊಡ್ಡಸ್ತಿಕೆಯನ್ನು ಗಳಿಸಿದುವೋ ಏನೋ, ಈ ಸತ್ತ್ವವನ್ನಂತೂ ಕಳೆದುಕೊಂಡುವು. ಸರ್ಕಾರದ ೨೦೧೪ರ ನಿಯಮದಂತೆ ಹದಿನಾಲ್ಕನೆಯ ವಾರದಿಂದ ಬಸುರಿಯರಿಗೆ ಕ್ಯಾಲ್ಸಿಯಂ ಮಾತ್ರೆಗಳನ್ನು ಕೊಡತಕ್ಕದ್ದು. ಅವನ್ನು ಕಬ್ಬಿಣದ ಮಾತ್ರೆಯ ಜೊತೆಯಲ್ಲಿ ಒಂದೇ ಹೊತ್ತಿಗೆ ನುಂಗಕೂಡದು. ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಚೆನ್ನಾಗಿ ಹತ್ತಗೊಡುವುದಿಲ್ಲ. ರೋಗದ ಸಂಭವ ಹೆಚ್ಚಾಗಿರುವವರಿಗೆ ವೈದ್ಯರು ಅಲ್ಪ ಪ್ರಮಾಣದ ಆಸ್ಪಿರಿನ್ ಸಹ ಕೊಡುವುದುಂಟು. ಅದನ್ನು ಅಂಗಡಿಯಿಂದ ತಾವಾಗಿಯೇ ತಂದು ನುಂಗತಕ್ಕದ್ದಲ್ಲ.

ಮುದ್ದೆಯೊಡನೆ ಸೊಪ್ಪಿನ ಸಾರು ಈ ಸೀಮೆಯ ಅನುಭವದ ಊಟ. ನೈಟ್ರೇಟು ನೀರಿನಲ್ಲಿ ಸುಲಭವಾಗಿ ಕರಗತಕ್ಕದ್ದು. ಸೊಪ್ಪನ್ನು ಬೇಯಿಸಿ ನೀರನ್ನು ಚೆಲ್ಲಿದರೆ ಅದರ ದೊಡ್ಡ ಪಾಲು ಮೋರಿಗೆ ಹೋಗುವುದು. ಬಸ್ಸಾರಿನಲ್ಲಿ ಹಾಗಲ್ಲ. ಬಸಿದ ಕಟ್ಟನ್ನು ಸಾರಿಗೂ ಬೆಂದ ಸೊಪ್ಪು ಕಾಳುಗಳನ್ನು ಪಲ್ಯಕ್ಕೂ ಉಪಯೋಗಿಸುವುದರಿಂದ ಸತ್ತ್ವವೆಲ್ಲವೂ ಮನೆಯವರ ತಟ್ಟೆಯಲ್ಲಿಯೇ ಉಳಿಯುವುದು. ಇದನ್ನು ಕಂಡುಹಿಡಿದ ಹೆಂಗಸರು ಯಾವ ಪಾರಿತೋಷಕವನ್ನೂ ಪಡೆಯಲಿಲ್ಲ. ಬೆಂದ ಸೊಪ್ಪನ್ನು ಮಾತ್ರ ಮಾರನೆಯ ದಿವಸಕ್ಕೆ ಹೊರಗಿಟ್ಟು ಉಣ್ಣಬಾರದು. ಹಳಸುವಾಗ ಸೂಕ್ಷ್ಮಜೀವಿಗಳು ಪಾತ್ರೆಯಲ್ಲಿಯೇ ನೈಟ್ರೈಟನ್ನು ಬೆಳೆಸುವುವು. ರಾಗಿಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಕೀರೆ, ಹೊನಗೊನೆ ಮುಂತಾದ ಬೆರಕೆ ಸೊಪ್ಪು ಬಡವರಿಗೆ ಕಾಸಿಲ್ಲದೆ ದೊರೆಯುತ್ತಿದ್ದ ತರಕಾರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇಂಥ ಸೊಪ್ಪುಗಳನ್ನು ಇನ್ನೂ ಹೆಸರು ಹಿಡಿದು ಆರಿಸಬಲ್ಲರು. ಕಳೆನಾಶಕವನ್ನು ಬದುವಿನವರೆಗೂ ಹೊಡೆಯುವ ಜಮೀನುದಾರನು ಕೂಲಿಯವರ ಸಾರಿನ ಪಾತ್ರೆಗೂ ಹೊಡೆದಂತೆಯೇ ಆಯಿತು. ಬದುವನ್ನು ಬಿಟ್ಟು ಹೊಡೆಯುವುದಕ್ಕೆ ಖರ್ಚೇನೂ ಇಲ್ಲ.

ಇಲ್ಲಿ ಒಂದು ಸಂದೇಹಕ್ಕೆ ಸಮಾಧಾನ ಹೇಳಬೇಕಾಗಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೪೫ ಮಿಲಿಗ್ರಾಂಗಿಂತ ಹೆಚ್ಚಿಗೆ ನೈಟ್ರೇಟ್ ಇರಕೂಡದೆಂದು ಭಾರತದ ಮಾನಕ ಸಂಸ್ಥೆಯು ಗೊತ್ತುಮಾಡಿದೆ. ಅಂಥ ನೀರನ್ನು ಮೂರು ಲೀಟರು ಕುಡಿದರೂ ಆಗುವುದು ೧೩೫ ಮಿಲಿಗ್ರಾಂ ಮಾತ್ರ. ಒಂದು ಬೀಟ್‌ರೂಟಿನಲ್ಲಿ ಅದಕ್ಕಿಂತ ಹೆಚ್ಚಿದ್ದೀತು. ಹೀಗಿರುವಾಗ ಬಾವಿಯ ನೀರಿಗೆ ಮಾತ್ರ ಏಕೆ ದೋಷವೆಂದು ಚುರುಕಾದವರು ಕೇಳಿಯಾರು. ಕೇಳತಕ್ಕ ಪ್ರಶ್ನೆಯೇ. ತರಕಾರಿಯಲ್ಲಿ ನೈಟ್ರೇಟಿನ ಜೊತೆಗೆ ‘ಸಿ’ ಜೀವಸತ್ತ್ವವೂ ಇತರ ರಕ್ಷಕ ವಸ್ತುಗಳೂ ಇದ್ದು, ಹೊಟ್ಟೆಯಲ್ಲಿ ಕೆಟ್ಟ ಸಂಯುಕ್ತಗಳು ಹುಟ್ಟದಂತೆ ತಡೆಯುವುವು. ನೀರಿನಲ್ಲಿ ಆ ಕಾವಲಿಲ್ಲ. ಮೇಲಾಗಿ ಹಳ್ಳಿಯ ಬಾವಿಯಲ್ಲಿ ನೈಟ್ರೇಟ್ ಏರಿದರೆ ತಿಪ್ಪೆಯ ಅಥವಾ ಪಾಯಖಾನೆಯ ಕೊಳೆಯೂ ಅದೇ ದಾರಿಯಲ್ಲಿ ಇಳಿದಿರಬಹುದೆಂದು ಶಂಕಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತ್ಯದ ಹೆರಿಗೆಗಳನ್ನು ಕುರಿತು ೨೦೨೧ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ಬಸುರಿನ ಕಾಲದಲ್ಲಿ ನೀರಿನ ನೈಟ್ರೇಟ್ ಹೆಚ್ಚಿದ್ದವರಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಹೆಚ್ಚಾಗಿ ಕಂಡಿತು.

ನೀರಿನ ನೈಟ್ರೇಟಿಗೆ ಮೊದಲು ತುತ್ತಾಗತಕ್ಕದ್ದು ಬಾಟ್ಲಿ ಹಾಲಿನ ಕೂಸು. ೧೯೪೫ರಲ್ಲಿ ಅಮೆರಿಕದ ಐಯೋವಾ ಸೀಮೆಯ ಕಾಮ್ಲಿ ಎಂಬ ವೈದ್ಯನು, ಹೊಲಮನೆಗಳ ಬಾವಿಯ ನೀರಿನಲ್ಲಿ ಹಾಲಿನ ಪುಡಿ ಕದಡಿ ಕುಡಿಸಿದ ಕೂಸುಗಳು ನೀಲಿ ತಿರುಗಿದುದಕ್ಕೆ ಕಾರಣವನ್ನು ತೋರಿಸಿದನು. ನೈಟ್ರೇಟು ಕೂಸಿನ ಹೊಟ್ಟೆಯಲ್ಲಿ ನೈಟ್ರೈಟಾಗಿ, ರಕ್ತವು ಆಮ್ಲಜನಕವನ್ನು ಹೊರಲಾರದಂತೆ ಮಾಡುವುದು. ನೀರನ್ನು ಕುದಿಸಿದರೆ ಇದು ಹೋಗುವುದಿಲ್ಲ. ನೀರು ಆವಿಯಾಗಿ ಲವಣವು ಇನ್ನೂ ಗಟ್ಟಿಯಾಗುವುದು. ಬಟ್ಟೆಯಲ್ಲಿ ಸೋಸಿದರೂ ಕ್ಲೋರಿನ್ ಹಾಕಿದರೂ ಪ್ರಯೋಜನವಿಲ್ಲ. ಆರ್.ಓ. ಯಂತ್ರವುಳ್ಳ ಶುದ್ಧ ನೀರಿನ ಘಟಕವು ಕೆಲಸ ಮಾಡುತ್ತಿದ್ದರೆ ಅದರಿಂದ ಬಹುಪಾಲು ಹೋಗುವುದು. ತಾಯಿಯ ಎದೆಹಾಲಿನಲ್ಲಿ ಈ ಭಯವಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಪಾಲಕ್ ಅಥವಾ ಬೀಟ್‌ರೂಟಿನ ರಸವನ್ನು ಒಳ್ಳೆಯದೆಂದು ಹಾಕಕೂಡದು. ತಾಯಿಗೆ ಹಿತವಾದುದು ಕೂಸಿಗೆ ಹಿತವಲ್ಲ.

ದನಗಳಲ್ಲಿಯೂ ಇದೇ ವಿಷವನ್ನು ಕಂಡವರುಂಟು. ಮಳೆ ಕೈಕೊಟ್ಟು ಒಣಗಿದ ಎಳೆಯ ಜೋಳವು ಒಂದು ಮಳೆ ಬಿದ್ದೊಡನೆ ಚಿಗುರಿದಾಗ, ಮುಖ್ಯವಾಗಿ ಯೂರಿಯಾ ಹಾಕಿದ ಹೊಲದಲ್ಲಿ, ಅದನ್ನು ಮೇಯ್ದ ದನವು ಏದುಸಿರು ಬಿಟ್ಟು ಬೀಳುವುದು. ರಕ್ತವು ಕಂದುಬಣ್ಣ ತಿರುಗಿರುವುದು. ಎಳೆಯ ಜೋಳದಲ್ಲಿ ಇನ್ನೊಂದು ವಿಷವೂ ಇರುವುದರಿಂದ ಯಾವುದೆಂದು ಪಶುವೈದ್ಯರೇ ನಿಶ್ಚಯಿಸಬೇಕು. ಯೂರಿಯಾ ಕರಗಿಸಿದ ನೀರನ್ನು ಕುಡಿದು ಸಾಯುವುದು ಬೇರೆಯ ರೋಗ.

ಭೂಮಿಯ ಕಡೆಯಿಂದ ಮಾಡತಕ್ಕದ್ದು ಹೆಚ್ಚೇನೂ ಇಲ್ಲ, ಆದರೆ ಮಾಡತಕ್ಕವರು ಜಮೀನುದಾರರೇ. ಮಣ್ಣಿನ ಜೇಡಿಯು ನೈಟ್ರೇಟನ್ನು ಹಿಡಿದಿಡಲಾರದು. ಬೇರು ಹೀರದೆ ಬಿಟ್ಟದ್ದು ನೀರಿನೊಡನೆ ಕೆಳಕ್ಕೆ ಇಳಿಯುವುದು. ಕೆಂಪು ಮರಳುಭೂಮಿಯಲ್ಲಿ ಬೇಗ, ಎರೆಭೂಮಿಯಲ್ಲಿ ನಿಧಾನವಾಗಿ. ನಲವತ್ತೈದು ಕಿಲೋ ತೂಕದ ಒಂದು ಯೂರಿಯಾ ಚೀಲದಲ್ಲಿ ಇಪ್ಪತ್ತು ಕಿಲೋಗೂ ಮೇಲ್ಪಟ್ಟ ಸಾರಜನಕವಿದೆ. ಪಕ್ಕದ ಹೊಲದವನು ಎರಡು ಚೀಲ ಹಾಕಿದನೆಂದು ಮೂರು ಹಾಕುವುದು ಬೇಸಾಯವಲ್ಲ, ಪಂಥ. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ಪಡೆದು, ಮಣ್ಣಿನ ಪರೀಕ್ಷೆ ಮಾಡಿಸಿ, ಹೇಳಿದ ಪ್ರಮಾಣವನ್ನು ಎರಡು ಮೂರು ಕಂತಾಗಿ ಕೊಡತಕ್ಕದ್ದು. ಕೊಯ್ಲಿಗೆ ಹತ್ತಿರ ಯೂರಿಯಾ ಕೊಟ್ಟ ಸೊಪ್ಪಿನಲ್ಲಿ ನೈಟ್ರೇಟು ಮಿತಿಮೀರುವುದು. ಮೋಡದ ದಿವಸ ಕೊಯ್ದುದರಲ್ಲಿಯೂ ಹೆಚ್ಚು. ಬಿಸಿಲು ಕಂಡ ದಿವಸ ಸಾಯಂಕಾಲ ಕೊಯ್ದ ಸೊಪ್ಪಿನಲ್ಲಿ ಮುಂಜಾನೆ ಕೊಯ್ದುದಕ್ಕಿಂತ ಕಡಮೆ. ತಿಪ್ಪೆಯೂ ಪಾಯಖಾನೆಯ ಗುಂಡಿಯೂ ಕುಡಿಯುವ ಬಾವಿಗೆ ಐವತ್ತು ಅಡಿಗಿಂತ ಹತ್ತಿರದಲ್ಲಿ ಇರಕೂಡದು, ಬಾವಿಗಿಂತ ಎತ್ತರದ ಜಾಗದಲ್ಲಿಯೂ ಇರಕೂಡದು. ನದಿಯ ನೀರು ತಲಪದೆ ಕೊಳವೆಬಾವಿಯನ್ನೇ ನೆಚ್ಚಿದ ಊರುಗಳಲ್ಲಿ, ೨೦೧೯ರಲ್ಲಿ ಆರಂಭವಾದ ಜಲ ಜೀವನ ಯೋಜನೆಯಂತೆ ಪಂಚಾಯಿತಿಗಳಿಗೆ ಕೊಡುವ ನೀರಿನ ಪರೀಕ್ಷಾ ಪೆಟ್ಟಿಗೆಯಲ್ಲಿ ನೈಟ್ರೇಟ್ ನೋಡುವ ಸಾಮಗ್ರಿಯೂ ಉಂಟು. ಅದನ್ನು ಬೀರುವಿನಿಂದ ಹೊರತೆಗೆಯಿಸುವುದು ಯಜಮಾನರ ಕೆಲಸ.

ಇನ್ನು ಕೂಲಿಯ ಹೆಂಗಸರ ವಿಷಯ. ಪ್ರತಿ ತಿಂಗಳು ಒಂಬತ್ತನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರು ಧರ್ಮಾರ್ಥವಾಗಿ ಪರೀಕ್ಷಿಸುವ ಏರ್ಪಾಡು ೨೦೧೬ರಿಂದ ನಡೆದುಬಂದಿದೆ. ಆ ದಿವಸವೇ ತೆರಕಣಾಂಬಿಗೆ ಲಾರಿ ತುಂಬಬೇಕಾಗಿ ಬಂದರೆ ಬಸುರಿಯು ಯಾವುದನ್ನು ಬಿಡುವಳೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಂದು ದಿವಸದ ಕೂಲಿಯನ್ನು ಹಿಡಿಯದೆ ಆಕೆಯನ್ನು ಕಳುಹಿಸಿಕೊಟ್ಟರೆ ಜಮೀನುದಾರನಿಗೆ ಆಗುವ ನಷ್ಟವು ಒಂದೆರಡು ಮೂಟೆ ಗೆಡ್ಡೆಯ ಬೆಲೆಗಿಂತ ಹೆಚ್ಚಿರಲಾರದು. ಎಲೆಅಡಿಕೆಯ ಜೊತೆಗೆ ಹೊಗೆಸೊಪ್ಪು ಹಾಕುವ ಅಭ್ಯಾಸವನ್ನು ಬಸುರಿನಲ್ಲಿ ಬಿಡಿಸುವಂತೆ ಮನೆಯ ಹಿರಿಯ ಹೆಂಗಸರಿಂದಲೇ ಹೇಳಿಸಬೇಕು. ಗಂಡಸರು ಹೇಳಿದರೆ ನಡೆಯುವುದಿಲ್ಲ.

ಬಿಡದ ತಲೆನೋವು, ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಂಚು ಹೊಳೆದಂತಾಗುವುದು, ಎದೆಗುಂಡಿಗೆಯ ಕೆಳಗೆ ಬಲಗಡೆಯ ನೋವು, ಮುಖ ಮತ್ತು ಕೈಗಳು ಹಠಾತ್ತಾಗಿ ಊದುವುದು, ಇವುಗಳಲ್ಲಿ ಒಂದು ಕಂಡರೂ ಸಾಯಂಕಾಲದವರೆಗೆ ಕಾಯದೆ ೧೦೮ಕ್ಕೆ ಫೋನು ಮಾಡತಕ್ಕದ್ದು. ಹೆರಿಗೆಯಾದ ಮೇಲೂ ಕೆಲವು ವಾರಗಳವರೆಗೆ ಈ ಅಪಾಯ ಬರಬಹುದು. ಆಸ್ಪತ್ರೆಯಲ್ಲಿ ಇದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಎಂಬ ಸೂಜಿಮದ್ದುಂಟು. ೨೦೦೨ರಲ್ಲಿ ಪ್ರಕಟವಾದ ಅನೇಕ ದೇಶಗಳ ಪರೀಕ್ಷೆಯಲ್ಲಿ ಅದರಿಂದ ಸೆಳವು ಬರುವುದು ಅರ್ಧಕ್ಕಿಂತಲೂ ಹೆಚ್ಚಾಗಿ ತಗ್ಗಿತು. ಸೆಳವು ಬಂದವಳನ್ನು ಎಡಮಗ್ಗುಲಾಗಿ ಮಲಗಿಸಿ, ಬಾಯಿಗೆ ನೀರನ್ನಾಗಲಿ ಕಬ್ಬಿಣವನ್ನಾಗಲಿ ಇಡದೆ ಕರೆದೊಯ್ಯಬೇಕು.

ಆಶಾ ಕಾರ್ಯಕರ್ತೆಯೂ ದಾದಿಯೂ ನೋಡಿದ ಒತ್ತಡದ ಅಂಕಿಗಳನ್ನು ಪ್ರತಿ ಸಲವೂ ತಾಯಿ ಕಾರ್ಡಿನಲ್ಲಿ ಬರೆಯತಕ್ಕದ್ದು. ಮನೆಯ ಯಜಮಾನನು ‘ಆಸ್ಪತ್ರೆಗೆ ಹೋಗಿ ಬಂದಿರಾ’ ಎಂದಷ್ಟೇ ಕೇಳಿ ಸುಮ್ಮನಾಗದೆ, ಕಾರ್ಡನ್ನು ತರಿಸಿ ಹಿಂದಿನ ತಿಂಗಳ ಅಂಕಿಯನ್ನೂ ಈ ತಿಂಗಳ ಅಂಕಿಯನ್ನೂ ಹೋಲಿಸಿ ನೋಡಬೇಕು. ಜಾಗವು ಖಾಲಿಯಿದ್ದರೆ ಮಾರನೆಯ ದಿವಸವೇ ಪುನಃ ಕಳುಹಿಸಬೇಕು.